ಎಡಕ್ಕೆ ವಾಲಿದ ಚುಕ್ಕೆ

ಲಾರಿಗಳ ಲೋಕದಲ್ಲಿ ಅತಿ ಹೆಚ್ಚು ಖರ್ಚಾಗುವ ಬಿಡಿಭಾಗ ಯಾವುದು ಎಂದು ಕೇಳಿದರೆ ಟಯರು ಎನ್ನುವವರಿದ್ದಾರೆ, ಫಿಲ್ಟರು ಎನ್ನುವವರಿದ್ದಾರೆ. ಲೈನರ್ ಅಕ್ಕನನ್ನು ಕೇಳಿದರೆ ಅವಳು ಹೇಳುವುದು ಒಂದೇ: "ನಡೆಯುತ್ತೆ."

ಸರಿಯಾದ ಬೋಲ್ಟು ಸಿಗಲಿಲ್ಲ, ಇದನ್ನೇ ಹಾಕಲೇ? ನಡೆಯುತ್ತೆ. ಸೀಲು ಕೂದಲೆಳೆಯಷ್ಟು ಸಡಿಲ. ನಡೆಯುತ್ತೆ. ಡಬ್ಬದ ಮೇಲಿನ ಕಂಪನಿ ಹೆಸರಿನಲ್ಲಿ ಒಂದಕ್ಷರ ಆಚೀಚೆಯಾಗಿದೆಯಲ್ಲ? ಅಯ್ಯೋ, ಅದನ್ನು ಯಾರು ಓದ್ತಾರೆ, ನಡೆಯುತ್ತೆ ಬಿಡಿ. ಈ ಪದವನ್ನು ಯಾವ ಕಾರ್ಖಾನೆಯೂ ಎರಕ ಹೊಯ್ಯುವುದಿಲ್ಲ, ಯಾವ ಅಂಗಡಿಯ ಗಾಜಿನ ಕಪಾಟಿನಲ್ಲೂ ಇಡುವುದಿಲ್ಲ. ಆದರೂ ರಸ್ತೆಯ ಮೇಲೆ ನಮ್ಮ ಪಕ್ಕದಲ್ಲೇ ಹೊಗೆಯುಗುಳುತ್ತ ಹೋಗುವ ಎಷ್ಟೋ ಲಾರಿಗಳ ಕೀಲುಕೀಲಿನಲ್ಲಿ ಈ ಪದ ಬಿಗಿದು ಕೂತಿರುತ್ತದೆ. ಮಿಕ್ಕವರ ಕೆಲಸಕ್ಕೆ ಆ ಪದ ಒಪ್ಪುತ್ತದೇನೋ. ಎಂಜಿನ್ನಿನವನ ಲಾರಿ ನಡೆದರೆ ಸಾಕು, ಗೇರಿನವನ ಲಾರಿಯೂ ನಡೆದರೆ ಸಾಕು. ಲೈನರ್ ಅಕ್ಕನದು ಬ್ರೇಕಿನ ಕೆಲಸ.

"ನಡೆಯುತ್ತೆ ಅಂತ ನಂಗೂ ಗೊತ್ತು. ನಿಲ್ಲುತ್ತಾ?"

ಇದು ಅವಳು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಗ್ಯಾರೇಜಿನವರು ಅವಳ ಬೆನ್ನ ಹಿಂದೆ ಅವಳನ್ನು ಅದೇ ಧಾಟಿಯಲ್ಲಿ ಆಡಿಕೊಳ್ಳುತ್ತಿದ್ದರು. ಊಟದ ಡಬ್ಬಿ ಬಿಚ್ಚಿದವನಿಗೆ ಪಕ್ಕದವನು "ಏನಣ್ಣ, ಹೊಟ್ಟೇಲಿ ನಿಲ್ಲುತ್ತಾ?" ಎನ್ನುವನು. ಹೊಸ ಸಂಬಂಧದ ಸುದ್ದಿ ಬಂದರೆ "ಮದುವೆ ಏನೋ ನಡೆಯುತ್ತೆ, ನಿಲ್ಲುತ್ತಾ?" ಎಂದು ನಗುವರು. ಅವಳ ಕಿವಿಗೂ ಬೀಳುತ್ತಿತ್ತು. ಬಿದ್ದರೆ ಬೀಳಲಿ ಎಂದು ರಿವಿಟ್ ಹೊಡೆಯುತ್ತಿದ್ದಳು.

ಗೋದಾಮುಗಳ ಹಿಂಬದಿಯಲ್ಲಿ, ತಗಡಿನ ಮಾಡಿನ ಉದ್ದನೆಯ ಗ್ಯಾರೇಜು ಅದು. ನೆಲದಲ್ಲಿ ಮಣ್ಣೆಷ್ಟು ಎಣ್ಣೆಯೆಷ್ಟು ಎಂದು ಹೇಳಲಾಗದು. ಒಳಗೆ ಹೋದರೆ ಎಡಗಡೆ ಕಿಟಕಿಯ ಕೆಳಗೆ ಅವಳ ಬೆಂಚು. ಬೆಂಚಿನ ಮೇಲೆ ಕೈಯಿಂದ ಒತ್ತುವ ರಿವಿಟ್ ಯಂತ್ರ, ಹಿತ್ತಾಳೆ ರಿವಿಟ್ಟುಗಳ ಬಿಸ್ಕತ್ತಿನ ಡಬ್ಬ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಪುಟ್ಟ ಸುತ್ತಿಗೆ, ಒದ್ದೆ ಬಟ್ಟೆ. ಎಲ್ಲವೂ ಎಡಗಡೆಗೆ, ಏಕೆಂದರೆ ಅವಳು ಎಡಚಿ. ಗಾಲಿಯ ಡ್ರಮ್ಮಿನೊಳಗೆ ಕಮಾನಿನಂತೆ ಬಾಗಿದ ಎರಡು ಕಬ್ಬಿಣದ ಶೂಗಳಿರುತ್ತವೆ. ಅವುಗಳ ಬೆನ್ನಿಗೆ ಇಟ್ಟಿಗೆ ಬಣ್ಣದ ದಪ್ಪ ಪಟ್ಟಿ ಅಂಟಿಕೊಂಡಿರುತ್ತದೆ. ಅದೇ ಲೈನರು. ಡ್ರೈವರು ಬ್ರೇಕು ತುಳಿದಾಗ ಡ್ರಮ್ಮಿಗೆ ಉಜ್ಜಿ, ಉರಿದು, ಅಷ್ಟು ಟನ್ನು ಭಾರವನ್ನು ತಡೆದು ನಿಲ್ಲಿಸುವುದು ಆ ಪಟ್ಟಿ. ಅದನ್ನು ಶೂಗೆ ರಿವಿಟ್ ಹೊಡೆದು ಕೂರಿಸುವುದು ಅವಳ ಕೆಲಸ. ನಡುವಿನಿಂದ ಶುರುಮಾಡಿ ಒಂದು ಆಚೆ, ಒಂದು ಈಚೆ ಎಂದು ಹೊಡೆಯುತ್ತ ತುದಿಗೆ ಬರಬೇಕು. ಇಲ್ಲದಿದ್ದರೆ ಪಟ್ಟಿಯ ಹೊಟ್ಟೆ ಉಬ್ಬಿಕೊಂಡು ಅಡಿಯಲ್ಲಿ ಗಾಳಿ ನಿಲ್ಲುತ್ತದೆ. ಮುಗಿದ ಮೇಲೆ ಸುತ್ತಿಗೆಯಿಂದ ಒಂದು ಸಲ ತಟ್ಟಿ ಕಿವಿಗೊಡುತ್ತಾಳೆ. ಟಣ್ ಎಂದರೆ ಸರಿ. ಡಬ್ ಎಂದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ.

ಈ ಬೆಂಚು ಮೊದಲು ಅವಳ ಗಂಡನದಾಗಿತ್ತು. ಇಪ್ಪತ್ತೆರಡು ವರ್ಷ ಅವನು ಇಲ್ಲಿ ಕೂತು ಲೈನರ್ ಹೊಡೆದ. ಪ್ರತಿ ಹಳೆಯ ಶೂ ಬಂದಾಗಲೂ ಅದರ ಮೇಲಿನ ಪುಡಿಯನ್ನು ಬಾಯಿಂದ ಉಫ್ ಎಂದು ಊದಿ ಹಾರಿಸುತ್ತಿದ್ದ. ಇಪ್ಪತ್ತೆರಡು ವರ್ಷದ ಆ ಊದುವಿಕೆ ಕೊನೆಗೆ ಅವನ ಎದೆಯೊಳಗೇ ಹೋಗಿ ಕೂತಿತು. ಈಗ ಅವನು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿರುತ್ತಾನೆ. ಹತ್ತು ಮೆಟ್ಟಿಲು ಇಳಿದರೆ ಹತ್ತು ನಿಮಿಷ ಏದುಸಿರು. ಆದರೆ ಕಿವಿ ಚುರುಕು. ಕೆಳಗೆ ಯಾವ ಲಾರಿ ಬಂದು ನಿಂತರೂ ಬ್ರೇಕಿನ ಸದ್ದಿನಲ್ಲೇ "ಇದರ ಬಲಗಡೆ ಹಿಂಗಾಲಿ ಹಿಡೀತಿಲ್ಲ ಕಣೇ" ಎಂದುಬಿಡುತ್ತಾನೆ.

ಅವನು ಕುರ್ಚಿ ಹಿಡಿದ ವರ್ಷ ಅವಳು ಬೆಂಚು ಹಿಡಿದಳು. ರಿವಿಟ್ ಎಣಿಸಿಕೊಡುತ್ತ, ಶೂ ಒರೆಸಿಕೊಡುತ್ತ ಅಷ್ಟರಲ್ಲಿ ಅರ್ಧ ಕೆಲಸ ಅವಳ ಕೈಗೆ ಬಂದಿತ್ತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಊದುವ ಬದಲು ಒದ್ದೆ ಚಿಂದಿಯಿಂದ ಒರೆಸಿ, ಅವಳು ಕೂತ ಮೊದಲ ವಾರವೇ ಒಬ್ಬ ಡ್ರೈವರು ಬೆಂಚಿನ ಮುಂದೆ ನಿಂತು ಕೆಣಕಿದ.

"ಏನಕ್ಕ, ಗುಂಡಿ ಹೊಲೀತಿದೀರಾ?"

"ಹೌದಪ್ಪ. ಅಂಗಿ ಗುಂಡಿ ಕಿತ್ತೋದ್ರೆ ಮಾನ ಹೋಗುತ್ತೆ. ಇದು ಕಿತ್ತೋದ್ರೆ ನೀನೇ ಹೋಗ್ತೀಯ. ಅದಕ್ಕೆ ಸ್ವಲ್ಪ ಗಟ್ಟಿಯಾಗಿ ಹೊಲೀತಿದೀನಿ."

ಆ ಡ್ರೈವರು ಆಮೇಲೆ ಅವಳ ಬೆಂಚು ಬಿಟ್ಟು ಬೇರೆ ಕಡೆ ಶೂ ಕೊಟ್ಟಿಲ್ಲ. ಹಿಂದೆ ಯಾವಾಗಲೋ ಗಡ್ಡ ಬಿಟ್ಟಿದ್ದನಂತೆ. ಅದನ್ನು ಬೋಳಿಸಿ ಎಷ್ಟು ವರ್ಷವಾದರೂ ಹೆಸರು ಮಾತ್ರ ಗಡ್ಡದಣ್ಣ ಎಂದೇ ಉಳಿದಿದೆ.

ಗಂಡನಿಂದ ಅವಳಿಗೆ ಬಂದದ್ದು ಬೆಂಚು ಒಂದೇ ಅಲ್ಲ, ಒಂದು ಚುಕ್ಕೆಯೂ ಬಂತು. ಕೆಲಸ ಮುಗಿದ ಪ್ರತಿ ಶೂವಿನ ತುದಿಯಲ್ಲಿ, ಪಂಚು ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆದು, ಎಳ್ಳಿನಷ್ಟು ಗುಳಿ ಮಾಡುವುದು. ಅದು ಇವರು ಮಾಡಿದ ಶೂ ಎಂಬ ಗುರುತು. "ಊರಿಗೆ ತೋರ್ಸೋಕಲ್ಲ ಇದು. ಏನಾದ್ರೂ ಆದ್ರೆ ನಾನೇ ಅಂತ ನಂಗೆ ಗೊತ್ತಾಗ್ಲಿ ಅಂತ" ಎಂದು ಅವನು ಹೇಳಿಕೊಟ್ಟಿದ್ದ. ಅವನ ಚುಕ್ಕೆ ನೆಟ್ಟಗೆ ದುಂಡಗಿರುತ್ತಿತ್ತು. ಇವಳು ಎಡಗೈಯಲ್ಲಿ ಹೊಡೆಯುವುದರಿಂದ ಪಂಚು ಸ್ವಲ್ಪ ಓರೆಯಾಗಿ, ಚುಕ್ಕೆ ಎಡಕ್ಕೆ ವಾಲಿ, ನೀರಿನ ಹನಿಯ ಹಾಗೆ ಸಣ್ಣ ಬಾಲ ಎಳೆದುಕೊಳ್ಳುತ್ತಿತ್ತು. ನೆಟ್ಟಗೆ ಮಾಡಲು ಮೊದಮೊದಲು ತುಂಬ ಪ್ರಯತ್ನಪಟ್ಟಳು. "ಬಿಡೇ, ನೀನು ನಾನಲ್ಲ ಅಂತ ಅದಕ್ಕೂ ಗೊತ್ತು" ಎಂದು ಗಂಡ ನಕ್ಕ. ಬಿಟ್ಟಳು.

ಊರಿಗೆ ತೋರಿಸಲಿಕ್ಕಲ್ಲದ ಚುಕ್ಕೆಯನ್ನು ಊರೇ ನೋಡಿತು. ಡ್ರೈವರುಗಳು ಬೇರೆ ಗ್ಯಾರೇಜುಗಳಲ್ಲಿ "ಅಕ್ಕನ ಚುಕ್ಕೆ ಇದೆಯಾ?" ಎಂದು ಕೇಳತೊಡಗಿದರು. ಆ ಚುಕ್ಕೆಗಾಗಿ ದೂರದೂರದ ಲಾರಿಗಳು ಗ್ಯಾರೇಜಿನ ಗೇಟಿಗೆ ಬಂದವು. ಇದರಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಗ್ಯಾರೇಜಿನ ಸಾಹುಕಾರ. ಅವನು ಅವಳ ಗಂಡನ ಅಣ್ಣ. ಅವಳಿಗೆ ಭಾವ.

ಭಾವ ಕೆಟ್ಟವನಲ್ಲ. ಕೆಟ್ಟವನೊಬ್ಬ ಎದುರಿಗಿದ್ದಿದ್ದರೆ ಬೈದು ಮುಗಿಸಬಹುದಿತ್ತು. ಅಪ್ಪ ಇಲ್ಲದ ತಮ್ಮನನ್ನು ಬೆಳೆಸಿದವನು ಅವನು. ಮೇಲಿನ ಕೋಣೆ ಕೊಟ್ಟವನು ಅವನು. ತಮ್ಮನಿಗೆ ಉಸಿರು ಕಟ್ಟಿದಾಗ ಎತ್ತಿಕೊಂಡು ಮೆಟ್ಟಿಲಿಳಿದವನೂ ಅವನೇ. ಅವನಿಗಿದ್ದದ್ದು ಒಂದೇ ಕಾಯಿಲೆ. ಅಗ್ಗ ಕಂಡರೆ ಅವನ ಕಣ್ಣು ಮಂಜಾಗುತ್ತಿತ್ತು. ಗ್ಯಾರೇಜಷ್ಟೇ ಅಲ್ಲದೆ ನಾಲ್ಕು ಲಾರಿಗಳೂ ಅವನವು. ಅವುಗಳಿಗೆ ಏನು ಹಾಕುವಾಗಲೂ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ "ಇದಕ್ಕಿಂತ ಕಮ್ಮೀದು ಇಲ್ವಾ?"

ಒಂದು ದಿನ ಬಿಡಿಭಾಗ ಮಾರುವವನೊಬ್ಬ ರಟ್ಟಿನ ಪೆಟ್ಟಿಗೆ ಹೊತ್ತು ಬಂದ. ಪೆಟ್ಟಿಗೆಯ ಬಣ್ಣ, ಅಕ್ಷರ, ಮೂಲೆಯ ಹೊಳೆಯುವ ಸ್ಟಿಕ್ಕರು ಎಲ್ಲ ಅಚ್ಚುಕಟ್ಟು. ಭಾವ ಪೆಟ್ಟಿಗೆಯನ್ನು ಅವಳ ಬೆಂಚಿನ ಮೇಲಿಡಿಸಿದ. ಅವಳು ಒಂದು ಲೈನರು ತೆಗೆದು ಎಡಗೈಯಲ್ಲಿ ತೂಗಿದಳು. ಬಲಗೈಯಲ್ಲಿ ತನ್ನ ಡಬ್ಬದ ಲೈನರು ಹಿಡಿದಳು. ರಿವಿಟ್ ತೂತಿನ ಅಂಚನ್ನು ಉಗುರಿನಿಂದ ಕೆರೆದಳು. ಉಗುರಿನ ಸಂದಿಗೆ ಪುಡಿ ಬಂತು.

"ಏನಣ್ಣ ಇದು?"

"ಒರಿಜಿನಲ್ ಟೈಪಮ್ಮ. ಎಲ್ಲ ಕಡೆ ಇದೇ ಓಡ್ತಿರೋದು" ಎಂದ ಮಾರುವವನು.

"ಒರಿಜಿನಲ್ಲೋ, ಒರಿಜಿನಲ್ ಟೈಪೋ?"

"ಎರಡೂ ಒಂದೇ ಅಲ್ವಾ."

"ಒಂದೇನಾ? ಗಂಡ ಟೈಪ್ ಅಂತ ಒಬ್ಬನ್ನ ಮನೆಗೆ ಕಳಿಸ್ತೀನಿ, ನಿಮ್ಮನೆಯವ್ರು ಒಳಗೆ ಕರ್ಕೋತಾರಾ ಕೇಳಿ ನೋಡಿ."

ಗ್ಯಾರೇಜು ಘೊಳ್ಳೆಂದಿತು. ಭಾವನೂ ನಕ್ಕ. ಪೆಟ್ಟಿಗೆ ಬೆಂಚಿನಿಂದ ಇಳಿಯಿತು. ವಾಪಸು ಹೋಯಿತು ಎಂದುಕೊಂಡಳು. ಹೋಗಿರಲಿಲ್ಲ. ಸ್ಟೋರಿನ ಮೂಲೆಯಲ್ಲಿ, ಹಳೆಯ ಟ್ಯೂಬುಗಳ ಹಿಂದೆ ಅದು ಬಾಯಿ ಮುಚ್ಚಿಕೊಂಡು ಕೂತಿತ್ತು.

ಮರು ವಾರ ಗಂಡನಿಗೆ ಪರೀಕ್ಷೆಗಳಿದ್ದವು. ಎರಡು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕಾದು, ಮೂರನೆಯ ಬೆಳಿಗ್ಗೆ ಅವಳು ಮತ್ತೆ ತನ್ನ ಬೆಂಚಿಗೆ ಬಂದು ಕೂತಾಗ ಏನೋ ಸರಿಯಿಲ್ಲ ಅನ್ನಿಸಿತು. ಸುತ್ತಿಗೆಗೆ ಕೈಚಾಚಿದಳು, ಸಿಕ್ಕಿತು. ಪಂಚಿಗೆ ಕೈಚಾಚಿದಳು, ಸಿಗಲಿಲ್ಲ. ಅದು ಬೆಂಚಿನ ಬಲತುದಿಯಲ್ಲಿತ್ತು. ಅದನ್ನು ಬಲಗಡೆ ಇಡುವವರು ಆ ಬೆಂಚಿನಲ್ಲಿ ಯಾರೂ ಇರಲಿಲ್ಲ.

ಅವಳು ಎದ್ದು ಸುತ್ತ ನೋಡಿದಳು. ಗಾಲಿ ಬಿಚ್ಚಿ ಜೋಡಿಸುವ ಫಿಟ್ಟರನ ಮೇಜಿನ ಕೆಳಗೆ, ಗುಜರಿಯ ಬುಟ್ಟಿಯಲ್ಲಿ ಒಂದು ಶೂ ಬೋರಲು ಬಿದ್ದಿತ್ತು. ಎತ್ತಿದಳು. ಹೊಚ್ಚಹೊಸ ಲೈನರು. ಎರಡು ರಿವಿಟ್ಟುಗಳ ನಡುವೆ ಮೊಟ್ಟೆಯ ಚಿಪ್ಪಿನಂತೆ ಬಿರುಕು. ಶೂವಿನ ತುದಿಯಲ್ಲಿ ಚುಕ್ಕೆ. ದುಂಡಗೆ, ನೆಟ್ಟಗೆ, ಬಾಲವಿಲ್ಲದ ಚುಕ್ಕೆ.

ಒಂದು ಕ್ಷಣ ಅವಳಿಗೆ ಅದು ಗಂಡನ ಕೈಯದೇನೋ ಅನ್ನಿಸಿತು. ಮರುಕ್ಷಣ ಬೆಂಚಿನ ಬಲತುದಿಯಲ್ಲಿದ್ದ ಪಂಚು ನೆನಪಾಯಿತು.

ಫಿಟ್ಟರು ಅಲ್ಲೇ ಕೂತಿದ್ದ. ನಡುವಯಸ್ಸಿನವನು, ತಲೆ ಬೋಳು, ಮಾತು ಕಡಿಮೆ. ಅವಳು ಶೂವನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದು ಯಾರು ಹೊಡೆದದ್ದು?"

ಅವನು ಸ್ಪಾನರು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಬಾಯಲ್ಲಿ ಏನಿಟ್ಕೊಂಡಿದೀಯ? ಉಗುಳಿ ಮಾತಾಡು."

"ಹಳೇ ಟ್ಯೂಬಿನ ಹಿಂದಿರೋ ಪೆಟ್ಟಿಗೇದು ಹಾಕು ಅಂತ ಸಾಹುಕಾರ್ರು ಹೇಳಿದ್ರು ಅಕ್ಕ. ನೀವಿರಲಿಲ್ಲ. ಗಾಡಿ ಅರ್ಜೆಂಟು ಅಂದ್ರು."

"ಲೈನರ್ ಹೊಡಿ ಅಂದ್ರು, ಸರಿ. ಚುಕ್ಕೆ?"

"ಅದನ್ನೂ ಹೊಡಿ ಅಂದ್ರು. ಚುಕ್ಕೆ ಇಲ್ದಿದ್ರೆ ಗಡ್ಡದಣ್ಣ ಗಾಡಿ ಹತ್ತಲ್ಲ ಅಂತ."

"ಎಷ್ಟು ಹೊಡೆದೆ?"

"ಹಿಂದಿನ ಗಾಲಿಗಳ ಎಂಟು ಶೂನೂ. ಇದೊಂದು ಚುಕ್ಕೆ ಹೊಡೀವಾಗ್ಲೇ ಬಿರೀತು. ಬೇರೆ ಹಾಕಿದ್ವಿ."

"ಹೊಡೀವಾಗ್ಲೇ ಬಿರೀತು" ಎಂದು ಅವಳು ಅವನ ಮಾತನ್ನೇ ತಿರುಗಿ ಹೇಳಿದಳು. "ಅದು ಬಾಯಿಬಿಟ್ಟು ಹೇಳ್ತು. ನಿಂಗೆ ಕೇಳಿಸಲಿಲ್ಲ."

ಗಾಡಿ ಎಲ್ಲಿ ಎಂದು ಅವಳು ಕೇಳಬೇಕಾಗಿರಲಿಲ್ಲ. ಗೇಟಿನ ಹತ್ತಿರ ಭಾವನ ನೀಲಿ ಲಾರಿ, ಹತ್ತು ಗಾಲಿಯದು, ಸಿಮೆಂಟ್ ಚೀಲ ತುಂಬಿಕೊಂಡು ನಿಂತಿತ್ತು. ಮೇಲೆ ನಿಂತು ತಾಡಪಾಲಿಗೆ ಹಗ್ಗ ಬಿಗಿಯುತ್ತಿದ್ದವನು ಈಗ ಅದನ್ನೇ ಓಡಿಸುವ ಗಡ್ಡದಣ್ಣ. ಮಧ್ಯಾಹ್ನ ಊಟ ಮಾಡಿ ಹೊರಡುವವನಿದ್ದ. ದಾರಿಯಲ್ಲಿ ಗುಡ್ಡ ಹತ್ತಿ ಆಚೆ ಇಳಿಯಬೇಕು. ಏಳು ತಿರುವಿನ ಇಳಿಜಾರು. ಏಳನೆಯ ತಿರುವು ಮುಗಿದಲ್ಲಿ ಒಂದು ಪೇಟೆ, ರಸ್ತೆಗೇ ಬಾಗಿಲು ತೆರೆದುಕೊಂಡ ಒಂದು ಶಾಲೆ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಲಾರಿಯಲ್ಲಿ ಒಮ್ಮೆ ಹೋಗಿದ್ದಳು. ಆರನೆಯ ತಿರುವಿನಲ್ಲಿ ಸುಟ್ಟ ಲೈನರಿನ ವಾಸನೆ ಕ್ಯಾಬಿನ್ನಿಗೆ ಬಂದಾಗ, ಗಂಡ ಕಿಟಕಿಯಾಚೆ ತಲೆ ಹಾಕಿ ಮೂಸಿ, "ನಮ್ಮ ಕೈಯದೇ, ಹೆದರಬೇಡ" ಎಂದಿದ್ದ.

ಅವಳು ಗೋಡೆಗೆ ಒರಗಿಸಿದ್ದ ಮರದ ದಿಮ್ಮಿಯೊಂದನ್ನು ಎಳೆದುಕೊಂಡು ಹೋಗಿ ಲಾರಿಯ ಮುಂದಿನ ಗಾಲಿಗೆ ಕೊಟ್ಟಳು. ಕಾಲಿನಿಂದ ಒದ್ದು ಒಳಗೆ ತಳ್ಳಿದಳು.

"ಗಡ್ಡದಣ್ಣ, ಕೆಳಗಿಳೀರಿ."

"ಏನಕ್ಕ, ಗಾಡಿಗೆ ದಿಂಬು ಕೊಡ್ತಿದೀರಾ?"

"ಇಳೀರಿ ಅಂದೆ."

ಅವಳ ದನಿಗೆ ಅವನು ಹಗ್ಗ ಬಿಟ್ಟು ಇಳಿದ. ಅವಳು ಬಿರಿದ ಶೂ ತೋರಿಸಿದಳು. "ನಿಮ್ಮ ಗಾಡಿಯ ಹಿಂದಿನ ಎಂಟು ಶೂನಲ್ಲಿ ಇರೋದು ಇಂಥದೇ. ಚುಕ್ಕೆ ನಂದಲ್ಲ."

ಅಷ್ಟರಲ್ಲಿ ಆಫೀಸಿನಿಂದ ಭಾವ ಬಂದ. ಕನ್ನಡಕ ಹಣೆಯ ಮೇಲಿತ್ತು. ಸುತ್ತ ಕೆಲಸದವರು ಸೇರಿದ್ದರು. ಬೇರೆ ಗಾಡಿಗಳ ಮೂರ್ನಾಲ್ಕು ಡ್ರೈವರುಗಳೂ ಇದ್ದರು.

"ಏನಮ್ಮ ಇದು, ಬೆಳಗ್ಗೆ ಬೆಳಗ್ಗೆ?"

"ನನ್ನನ್ನೂ ಡೂಪ್ಲಿಕೇಟ್ ಮಾಡಿಸಿದ್ರಾ ಭಾವ?"

ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದವನ ಹಾಗೆ ಮುಖ ಮಾಡಿದ. "ನೀನಿರಲಿಲ್ಲ. ಒಂದು ಚುಕ್ಕೆಗೆ ಇಷ್ಟು ರಂಪಾನಾ? ಲೈನರು ಲೈನರೇ. ನಡೆಯುತ್ತೆ."

"ನಿಲ್ಲುತ್ತಾ?"

ಭಾವ ಇದಕ್ಕೇ ಕಾಯುತ್ತಿದ್ದವನಂತೆ ನಕ್ಕ. "ಕೇಳ್ದೆಯಲ್ಲ, ನೋಡೇ ಬಿಡೋಣ. ಏಯ್, ದಿಮ್ಮಿ ತೆಗೀರಿ. ಗಡ್ಡ, ಹತ್ತು. ಗೋಡೆ ತನಕ ಓಡ್ಸಿ ಬ್ರೇಕ್ ಹೊಡಿ. ಎಲ್ಲಾರೂ ನೋಡ್ಲಿ."

ಗಡ್ಡದಣ್ಣ ಅವಳ ಮುಖ ನೋಡಿದ. ಸಾಹುಕಾರನ ಮುಖ ನೋಡಿದ. ಹತ್ತಿದ. ಲಾರಿ ಅಂಗಳದುದ್ದಕ್ಕೂ ಗುಡುಗುತ್ತ ಓಡಿ, ಗೋಡೆಗೆ ಇನ್ನೂ ಮೂರು ಮಾರು ಇರುವಾಗ ಬ್ರೇಕು ಬಿತ್ತು. ಹತ್ತೂ ಗಾಲಿ ಕಚ್ಚಿಕೊಂಡು ನಿಂತವು. ಚೀಲಗಳು ಒಂದು ಸಲ ಮುಂದಕ್ಕೆ ಜಗ್ಗಿ ಹಿಂದಕ್ಕೆ ಕೂತವು. ಇಷ್ಟು ಚಂದ ನಿಂತ ಲಾರಿಯನ್ನು ಆ ಅಂಗಳ ಕಂಡಿರಲಿಲ್ಲ.

"ನಿಂತಿತಲ್ಲಮ್ಮ" ಎಂದ ಭಾವ. "ನಿನ್ನ ಪ್ರಶ್ನೆಗೆ ಉತ್ತರ ಬಂತಲ್ಲ."

ಯಾರೋ ಕಿಸಕ್ಕೆಂದರು. ಅವಳ ಪ್ರಶ್ನೆಯನ್ನೇ ಅವಳ ಕೈಯಿಂದ ಕಿತ್ತುಕೊಂಡು ಅವಳಿಗೇ ಬಡಿದಂತಾಗಿತ್ತು. ಕೇಳಿದ್ದು ನಿಲ್ಲುತ್ತಾ ಎಂದು. ನಿಂತಿದೆ. ಇನ್ನೇನು ಕೇಳುವುದು?

ಮೇಲಿನ ಕಿಟಕಿಯಲ್ಲಿ ಕೆಮ್ಮು ಕೇಳಿಸಿತು. ಅವಳ ಗಂಡ ಕುರ್ಚಿಯಿಂದೆದ್ದು ಸರಳು ಹಿಡಿದು ನಿಂತಿದ್ದ. ಅಲ್ಲಿಂದ ಕೂಗುವಷ್ಟು ಉಸಿರು ಅವನಲ್ಲಿರಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಬಿಸಿ ಅನ್ನ ಊದುವವನಂತೆ ಎರಡು ಸಲ ಊದಿ ತೋರಿಸಿದ, ಅಷ್ಟೇ. ಅವಳಿಗೆ ಅಷ್ಟು ಸಾಕಾಯಿತು. ಬೆಂಚಿನಲ್ಲಿ ಅವನು ಸಾವಿರ ಸಲ ಹೇಳಿದ್ದ ಮಾತು ಅದು: ತಣ್ಣಗಿರೋ ಲೈನರು ಹೊಸ ಅಳಿಯನ ಹಾಗೆ ಕಣೇ, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೆ. ಬಿಸಿಯಾಗಲಿ, ಆಗ ನೋಡು ಯಾರ ಗುಣ ಏನು ಅಂತ.

"ತಣ್ಣಗಿದ್ದಾಗ ನಿಂತಿದೆ ಭಾವ" ಎಂದಳು. "ಆರನೇ ತಿರುವಲ್ಲಿ ಅದು ತಣ್ಣಗಿರಲ್ಲ."

ಅವಳು ಬೆಂಚಿಗೆ ಹೋಗಿ, ಬಿರಿದ ಶೂವಿನ ಲೈನರಿನಿಂದ ಒಂದು ತುಂಡು ಎಬ್ಬಿಸಿದಳು. ಎಬ್ಬಿಸಲು ಉಳಿ ಬೇಕಾಗಲಿಲ್ಲ, ಕೈಗೇ ಬಂತು. ತನ್ನ ಡಬ್ಬದಿಂದ ಒಂದು ಲೈನರು ತಂದಳು. ಎರಡನ್ನೂ ವೈಸಿನ ದವಡೆಗಳ ನಡುವೆ ಅಕ್ಕಪಕ್ಕ ಬಿಗಿದು, ತುಕ್ಕು ಹಿಡಿದ ಬೋಲ್ಟು ಕಾಯಿಸುವ ಗ್ಯಾಸಿನ ದೀವಟಿಗೆ ಹೊತ್ತಿಸಿದಳು. ನೀಲಿ ಜ್ವಾಲೆಯನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸಮನಾಗಿ ಆಡಿಸಿದಳು. ಅಸಲಿಯೂ ಸ್ವಲ್ಪ ಹೊಗೆಯಾಡಿತು, ಅದನ್ನು ಅವಳು ಮುಚ್ಚಿಡಲಿಲ್ಲ. ಪಕ್ಕದ್ದು ಮಾತ್ರ ಹಳದಿ ಹೊಗೆ ಕಾರಿತು. ಮೈಯೆಲ್ಲ ಕಪ್ಪು ಅಂಟು ಬೆವರಿತು. ಕೊನೆಗೆ ಅದರ ಮೇಲ್ಮೈ ಎಣ್ಣೆ ಹಚ್ಚಿದ ಗಾಜಿನ ಹಾಗೆ ಹೊಳೆಯತೊಡಗಿತು.

"ಬನ್ನಿ ಗಡ್ಡದಣ್ಣ. ಈ ಸ್ಕ್ರೂಡ್ರೈವರ್ ತಗೊಳ್ಳಿ. ಎರಡನ್ನೂ ಕೆರೀರಿ."

ಅಸಲಿಯ ಮೇಲೆ ಸ್ಕ್ರೂಡ್ರೈವರು ಕರ್ ಎಂದು ಕಚ್ಚಿತು. ಇನ್ನೊಂದರ ಮೇಲೆ ಮೊದಲು ಜಾರಿತು, ಸ್ವಲ್ಪ ಒತ್ತಿದೊಡನೆ ತುಂಡು ಹಪ್ಪಳದಂತೆ ಪುಡಿಯಾಗಿ ಬೆಂಚಿನ ಮೇಲೆ ಉದುರಿತು. ಅವನು ಆ ಪುಡಿಯನ್ನು ಮೂಸಿದ. ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಮೂಸಿದರು. ಕಿಸಕ್ಕೆಂದವನೂ ಬಂದು ಮೂಸಿದ.

"ಇದೆಲ್ಲ ಆಟ" ಎಂದ ಭಾವ. ದನಿ ಒಂದು ಮೆಟ್ಟಿಲು ಇಳಿದಿತ್ತು. "ಬೆಂಕಿ ಇಟ್ರೆ ಯಾವುದಾದ್ರೂ ಸುಡುತ್ತೆ. ಇಷ್ಟು ಜನ ಇದನ್ನೇ ಹಾಕ್ಕೊಂಡು ಓಡಿಸ್ತಿಲ್ವಾ?"

"ನಿಮ್ಮ ಕಾರಿಗೆ ಏನು ಹಾಕಿಸಿದೀರಿ ಭಾವ?"

"ಏನು?"

"ಕಾರಿನ ಬ್ರೇಕು. ಹೋದ ತಿಂಗಳು ಬದಲಾಯಿಸಿದ್ರಲ್ಲ. ನಮ್ಮಲ್ಲಿ ಮಾಡಿಸಲಿಲ್ಲ. ಕಂಪನಿ ಶೋರೂಮಿಗೆ ಕೊಟ್ಟು, ಎರಡು ದಿನ ಆಟೋದಲ್ಲಿ ಓಡಾಡಿದ್ರಿ."

"ಅದೇ ಬೇರೆ."

"ಹೇಗೆ ಬೇರೆ?"

"ಬೇರೆ ಅಂದ್ರೆ ಬೇರೆ. ಅದರಲ್ಲಿ ಮಕ್ಕಳು ಕೂರ್ತಾರಮ್ಮ."

ಆ ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ಭಾವನಿಗೆ ದಾರಿ ಇರಲಿಲ್ಲ. ದೀವಟಿಗೆಯ ಬುಸ್ ಎಂಬ ಸದ್ದೊಂದೇ ಉಳಿಯಿತು. ಅವಳು ಅದನ್ನೂ ಆರಿಸಿದಳು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಸಾಹುಕಾರನೊಬ್ಬನೇ ಹೀಗೆ ಲೆಕ್ಕ ಹಾಕುವವನಲ್ಲ. ನಮ್ಮ ಮಕ್ಕಳು ಕೂರುವ ಗಾಡಿಗೆ ಅಸಲಿ, ಇನ್ನೊಬ್ಬರ ಮಕ್ಕಳ ಅಪ್ಪ ಓಡಿಸುವ ಗಾಡಿಗೆ ಟೈಪು ಎಂಬ ಲೆಕ್ಕ ಎಷ್ಟು ಅಂಗಡಿಗಳಲ್ಲಿ, ಎಷ್ಟು ಆಫೀಸುಗಳಲ್ಲಿ, ಎಷ್ಟು ಸಭ್ಯರ ಮನಸ್ಸಿನಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಬಾಯಿ ತಪ್ಪಿ ಹೇಳಿದವನೊಬ್ಬ ಸಿಕ್ಕಿಬೀಳುತ್ತಾನೆ. ಬಾಯಿ ತಪ್ಪದವರು ಅವನಿಗಿಂತ ಒಳ್ಳೆಯವರೇನಲ್ಲ. ಇಳಿಜಾರಿನಲ್ಲಿ ಬರುವ ಲಾರಿಗೆ ಎದುರಿನ ಕಾರಿನಲ್ಲಿ ಯಾರ ಮಕ್ಕಳಿದ್ದಾರೆ ಎಂದು ನೋಡಿ ನಿಲ್ಲುವ ಬುದ್ಧಿಯಂತೂ ಇರುವುದಿಲ್ಲ.

ಗಡ್ಡದಣ್ಣ ಇಲ್ಲದ ಗಡ್ಡವನ್ನು ಕೆರೆದುಕೊಂಡ. ಅಂಗಿಯ ಜೇಬಿಗೆ ಕೈಹಾಕಿ ಲಾರಿಯ ಕೀ ತೆಗೆದ.

"ನಂಗೂ ಎರಡಿದಾವೆ ಸಾಹುಕಾರ್ರೇ. ಒಂದು ಎರಡನೇ ಕ್ಲಾಸು, ಒಂದು ಇನ್ನೂ ತೆವಳ್ತಿದೆ."

ಕೀಯನ್ನು ಅವನು ಸಾಹುಕಾರನ ಕೈಗೆ ಕೊಡಲಿಲ್ಲ. ಅಕ್ಕನ ಬೆಂಚಿನ ಮೇಲೆ, ಉದುರಿದ ಪುಡಿಯ ಪಕ್ಕದಲ್ಲಿಟ್ಟ. "ಅಕ್ಕ ಹೂಂ ಅಂದ ದಿನ ಹತ್ತುತೀನಿ. ಇಲ್ಲಾಂದ್ರೆ ಬೇರೆಯವ್ರನ್ನ ಕರೀರಿ." ಬೇರೆಯವರು ಯಾರು ಎಂದು ಭಾವ ಸುತ್ತ ನೋಡಿದ. ಡ್ರೈವರುಗಳು ಆಕಾಶ, ನೆಲ, ಬೂಟು ನೋಡಿದರು. ಅವನ ಕಣ್ಣು ಮಾತ್ರ ಯಾರೂ ನೋಡಲಿಲ್ಲ.

ಆ ದಿನ ನೀಲಿ ಲಾರಿ ಹೊರಡಲಿಲ್ಲ. ಚೀಲಗಳನ್ನಿಳಿಸಿ, ಗಾಲಿಗಳನ್ನು ಕಳಚಿ, ಎಂಟು ಶೂಗಳನ್ನೂ ಬೋಳು ಫಿಟ್ಟರು ತಾನೇ ತಂದು ಬೆಂಚಿನ ಮೇಲೆ ಸಾಲಾಗಿಟ್ಟ. ಅವಳು ಒಂದೊಂದೇ ಎತ್ತಿಕೊಂಡು ನೆಟ್ಟಗಿನ ಚುಕ್ಕೆಗಳನ್ನು ಅರದಿಂದ ಉಜ್ಜಿ ತೆಗೆದಳು. ರಿವಿಟ್ ಬಿಚ್ಚಿದಳು. ತನ್ನ ಡಬ್ಬದ ಲೈನರು ಹಾಕಿ, ನಡುವಿನಿಂದ ಆಚೆಗೊಂದು ಈಚೆಗೊಂದು ಹೊಡೆದಳು. ಸಂಜೆ ನಾಲ್ಕಕ್ಕೆ ಎಂಟನೆಯದು ಟಣ್ ಎಂದಿತು. ಎಡಕ್ಕೆ ವಾಲಿದ ಎಂಟು ಚುಕ್ಕೆ ಬಿದ್ದವು.

ಐದಕ್ಕೆ ಭಾವ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂದ. ಅವಳು ಗಂಡನಿಗೆ ಬಿಸಿನೀರು ಕೊಡುತ್ತಿದ್ದಳು. ಭಾವ ಕೂರಲಿಲ್ಲ. ತಮ್ಮನಿಗೆ ಹೇಳಿದ, "ನಿನ್ನ ಹೆಂಡತಿ ನಾಲ್ಕು ಜನದ ಮುಂದೆ ನನ್ನ ಮಾನ ತೆಗೆದ್ಲು. ನಾನು ನಿಮಗೇನು ಕಮ್ಮಿ ಮಾಡಿದ್ದೆ?"

ತಮ್ಮನಿಗೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಏನೂ ಕಮ್ಮಿ ಮಾಡಿಲ್ಲ ಅಣ್ಣ. ಆದ್ರೆ ಒಂದು ನೆನಪಿದೆಯಾ? ಈ ಪುಡಿ ಊದ್ತೀನಲ್ಲ, ಎದೆಗೇನಾದ್ರೂ ಆಗುತ್ತಾ ಅಂತ ಆಗ ನಾನು ಕೇಳಿದ್ದೆ."

ಭಾವ ಕಿಟಕಿಯ ಕಡೆ ತಿರುಗಿದ.

"ನೀನೇನಂದೆ ಗೊತ್ತಾ? ನಡೆಯುತ್ತೆ ಅಂದೆ. ನಿಂದೊಬ್ಬಂದೇ ತಪ್ಪಲ್ಲ. ನಾನೂ ಅದನ್ನೇ ಅಂದ್ಕೊಂಡೆ." ಅವನು ಕೆಮ್ಮಿದ. "ನಡೀತು ಇಪ್ಪತ್ತೆರಡು ವರ್ಷ. ಈಗ ನಿಂತಿದೆ, ನೋಡು."

ಭಾವನ ಮುಖ ಕಪ್ಪಿಟ್ಟಿತು. ಸಿಟ್ಟೋ ಇನ್ನೇನೋ, ಅವನಿಗೂ ಗೊತ್ತಾಗಲಿಲ್ಲ. ಕೈಯಲ್ಲಿ ಉಳಿದಿದ್ದ ಒಂದೇ ಮಾತನ್ನು ಎತ್ತಿ ಒಗೆದ. "ನನ್ನ ಗ್ಯಾರೇಜಲ್ಲಿ ನನ್ನ ಮಾತು ನಡೆಯಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೋಮ್ಮ ನೀನು."

"ನೋಡ್ಕೊಳ್ಳಲ್ಲ ಭಾವ."

"ಏನಂದೆ?"

"ಹೋಗಲ್ಲ ಅಂದೆ. ನಾನು ಹೋದ್ರೆ ಆ ಪೆಟ್ಟಿಗೆ ಹಳೇ ಟ್ಯೂಬಿನ ಹಿಂದಿನಿಂದ ಮತ್ತೆ ಎದ್ದು ಬರುತ್ತೆ. ನೀವು ಬೇಕಾದ್ರೆ ಬೆಂಚು ಎತ್ತಿ ಆಚೆ ಹಾಕಿ, ಗೇಟಿನ ಹೊರಗೆ ಕೂತು ಹೊಡೀತೀನಿ. ಗಾಡಿಗಳು ನಿಲ್ಲೋದು ಎಲ್ಲಿ ಅಂತ ಆಮೇಲೆ ನೋಡೋಣ." ಅವಳು ಸೆರಗಿನ ಗಂಟಿನಿಂದ ಪಂಚು ತೆಗೆದು ಅವನ ಮುಂದೆ ಹಿಡಿದಳು. "ಇಲ್ಲಾಂದ್ರೆ ಇದನ್ನ ತಗೊಳ್ಳಿ. ಆ ಲೈನರಿಗೆ ನೀವೇ ನಿಮ್ಮ ಕೈಯಾರೆ ಹೊಡೀರಿ. ಚುಕ್ಕೆ ಬೇಡ, ಪೂರ್ತಿ ಹೆಸರು ಹೊಡೀರಿ. ಹಾಗಾದ್ರೆ ನಾನು ಒಂದು ಮಾತೂ ಆಡಲ್ಲ."

ಭಾವ ಪಂಚು ನೋಡಿದ. ಮುಟ್ಟಲಿಲ್ಲ. ಮೆಟ್ಟಿಲಿಳಿದು ಹೋದ. ಇಳಿಯುವಾಗ ಕಟಕಟ ಸದ್ದು ಜೋರಾಗಿತ್ತು. ಅರ್ಧಕ್ಕೆ ಬಂದ ಮೇಲೆ ಮೆಲ್ಲಗಾಯಿತು.

ಮರುದಿನ ಬೆಳಿಗ್ಗೆ ಗಡ್ಡದಣ್ಣ ಬಂದು, "ಅಕ್ಕ, ಹೂಂ ಅಂತೀರಾ?" ಎಂದು ಕೇಳಿ, ಬೆಂಚಿನ ಮೇಲಿದ್ದ ಕೀ ತೆಗೆದುಕೊಂಡು ಹೋದ. ಬೆಂಚು ಇದ್ದಲ್ಲೇ ಇತ್ತು. ಸ್ಟೋರಿನ ಮೂಲೆಯ ಪೆಟ್ಟಿಗೆ ಇರಲಿಲ್ಲ. ಭಾವ ಅವಳೊಡನೆ ಹದಿನೈದು ದಿನ ಮಾತಾಡಲಿಲ್ಲ. ಮಾತು ಬಿಟ್ಟವರ ಮಧ್ಯೆ ಬೋಳು ಫಿಟ್ಟರು ಟಪಾಲಿನಂತೆ ಓಡಾಡಿದ.

ಆದರೆ ಒಂದು ಕದನ ಹಾಗೇ ಉಳಿಯಿತು. ಆ ಬಿರಿದ ಶೂವನ್ನು ಅವಳು ಎಸೆಯಲಿಲ್ಲ. ಗ್ಯಾರೇಜಿನ ಗೇಟಿನ ಪಕ್ಕ, ಒಳಬರುವ ಪ್ರತಿ ಡ್ರೈವರಿಗೆ ಕಾಣುವ ಹಾಗೆ ತಂತಿಯಿಂದ ತೂಗುಹಾಕಿದಳು, ನೆಟ್ಟಗಿನ ಚುಕ್ಕೆ ಹೊರಗೆ ಕಾಣುವಂತೆ. ಸಂಜೆಗೆ ಅದು ಮಾಯವಾಯಿತು. ಗುಜರಿ ಬುಟ್ಟಿಯಿಂದ ತೆಗೆದು ಮತ್ತೆ ತೂಗುಹಾಕಿದಳು. ಮತ್ತೆ ಮಾಯವಾಯಿತು. ನಾಲ್ಕು ಸಲ ಹೀಗಾಯಿತು. ಯಾರು ತೆಗೆಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರು ಹಾಕುತ್ತಿದ್ದಾರೆಂದೂ ಗೊತ್ತಿತ್ತು.

ಐದನೆಯ ಸಲ ಅವಳು ಬುಟ್ಟಿಯಲ್ಲಿ ಹುಡುಕುತ್ತಿರುವಾಗ ಹೊರಗೆ ವೆಲ್ಡಿಂಗಿನ ಚರಚರ ಸದ್ದು ಕೇಳಿಸಿತು. ಹೋಗಿ ನೋಡಿದರೆ ಬೋಳು ಫಿಟ್ಟರು ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕಣ್ಣಿಗೆ ಕಪ್ಪು ಗಾಜು. ಶೂ ಗೇಟಿನ ಕಬ್ಬಿಣಕ್ಕೆ ಎರಡೂ ತುದಿಯಲ್ಲಿ ಬೆಸೆದುಕೊಂಡಿತ್ತು. ಯಾರೂ ಅವನಿಗೆ ಹೇಳಿರಲಿಲ್ಲ.

"ಇದು ನಾನು ಹೊಡೆದ ಚುಕ್ಕೆ ಅಕ್ಕ" ಎಂದ, ತಲೆ ಎತ್ತದೆ. "ನಂದು ಅಂತ ನಂಗೂ ಗೊತ್ತಾಗ್ಲಿ."

ಅವಳು ಹತ್ತಿರ ಹೋಗಿ ಶೂವನ್ನು ಎಡಗೈಯಿಂದ ಜಗ್ಗಿ ನೋಡಿದಳು. ಅಲ್ಲಾಡಲಿಲ್ಲ.

"ನಿಲ್ಲುತ್ತೆ" ಎಂದಳು.